ಪರವಾನಗಿಗೆ ಕಾದ ಮೂರು ವರ್ಷ: ಗಡಿ ಹಳ್ಳಿಯೊಂದರಲ್ಲಿ ಸಮುದಾಯ ಬಾನುಲಿ ಕಟ್ಟಿದ ಅನುಭವ

ಪಾವಗಡ ತಾಲ್ಲೂಕಿನಲ್ಲಿ ಆಂಧ್ರದ ಗಡಿಗೆ ಅಂಟಿಕೊಂಡಂತಿರುವ ನಮ್ಮ ಹಳ್ಳಿಯಿಂದ ಸಮುದಾಯ ಬಾನುಲಿಯ, ಅಂದರೆ ಊರಿನವರೇ ನಡೆಸುವ ಎಫ್‌ಎಂ ರೇಡಿಯೊದ, ಪ್ರಸಾರ ಆರಂಭವಾಗಿ ಆರು ವಾರಗಳಾದವು. ಅರ್ಜಿ ಸಲ್ಲಿಸಿದ್ದು 2021ರ ಸೆಪ್ಟೆಂಬರಿನಲ್ಲಿ, ಮೊದಲ ಬಾರಿಗೆ ನಮ್ಮ ಧ್ವನಿ ಗಾಳಿಗೆ ಸೇರಿದ್ದು 2024ರ ನವೆಂಬರಿನಲ್ಲಿ. ಈ ಮೂರು ವರ್ಷ ಎರಡು ತಿಂಗಳ ಅವಧಿಯಲ್ಲಿ ಯಾವ ಕಾಗದ ಯಾವಾಗ ಬೇಕಾಯಿತು, ಹಣ ಎಲ್ಲಿಂದ ಬಂತು, ಎಲ್ಲಿಂದ ಬರಲಾಗಲಿಲ್ಲ, ವಿದೇಶದ ಸಂಸ್ಥೆಯೊಂದಿಗಿನ ಸಹಭಾಗಿತ್ವ ಎಲ್ಲಿ ಕೈಹಿಡಿಯಿತು, ಎಲ್ಲಿ ಕೈಮೀರಿತು ಎಂಬುದನ್ನು ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ನಮಗೆ ಮೊದಲೇ ಇಂಥದೊಂದು ಬರಹ ಸಿಕ್ಕಿದ್ದರೆ ಕನಿಷ್ಠ ಒಂದು ವರ್ಷ ಉಳಿಯುತ್ತಿತ್ತು ಎಂದು ನನಗೆ ಅನ್ನಿಸುತ್ತದೆ.

ನಮ್ಮದು ಮಹಿಳಾ ಸ್ವಸಹಾಯ ಗುಂಪುಗಳ ಜೊತೆ ಕೆಲಸ ಮಾಡುವ ಒಂದು ಚಿಕ್ಕ ನೋಂದಾಯಿತ ಸಂಘ. 2020ರ ಲಾಕ್‌ಡೌನಿನ ದಿನಗಳಲ್ಲಿ ಊರಿಂದೂರಿಗೆ ಹರಡಿದ ವದಂತಿಗಳನ್ನು ಕಂಡಾಗ ಬಾನುಲಿಯ ಯೋಚನೆ ಬಂತು. ಯಾವ ಊರಿನ ಅಂಗಡಿ ಮುಚ್ಚಿದೆ, ಯಾರಿಗೆ ಪಡಿತರ ಸಿಗುತ್ತದೆ, ಆಸ್ಪತ್ರೆಗೆ ಹೋದವರು ಮರಳಿ ಬರುವುದಿಲ್ಲವಂತೆ ನಿಜವೇ ಎಂದು ಜನ ಆಶಾ ಕಾರ್ಯಕರ್ತೆಯರನ್ನು ಕೇಳುತ್ತಿದ್ದರು. ಅವರು ನಮ್ಮನ್ನು ಕೇಳುತ್ತಿದ್ದರು. ಮೂರು ಕಡೆ ಆಂಧ್ರ ಸುತ್ತುವರಿದ ತಾಲ್ಲೂಕು ನಮ್ಮದು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ತುಮಕೂರಿನ ಸುದ್ದಿ ನಮ್ಮನ್ನು ಮುಟ್ಟುವಷ್ಟರಲ್ಲಿ ಹಳಸಿರುತ್ತದೆ, ಹಿಂದೂಪುರದ ಸುದ್ದಿ ಹತ್ತಿರದ್ದಾದರೂ ನಮ್ಮ ಸರ್ಕಾರದ್ದಲ್ಲ. ಹತ್ತು ಹದಿನೈದು ಕಿಲೋಮೀಟರಿನೊಳಗಿನ ಜನರ ಮಾತನ್ನು ಅವರದೇ ಮಿಶ್ರ ನುಡಿಯಲ್ಲಿ ಅವರಿಗೇ ಕೇಳಿಸುವ ಒಂದು ದಾರಿ ಬೇಕು ಎಂದು 2020ರ ನವೆಂಬರಿನಲ್ಲಿ ಸಂಘದ ಕಾರ್ಯಕಾರಿ ಸಮಿತಿ ತೀರ್ಮಾನಿಸಿತು.

ಮೊದಲು ನಾವು ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಗೆ ಹೋಗಿ ಬಂದೆವು. ಹೈದರಾಲಿ ಹುಟ್ಟಿದ ಊರೆಂದು ಶಾಲೆಯಲ್ಲಿ ಓದಿದ್ದ ಆ ಹಳ್ಳಿ, ಬಾನುಲಿ ಕೆಲಸದವರಿಗೆ ಇನ್ನೊಂದು ಕಾರಣಕ್ಕೆ ತೌರುಮನೆಯಿದ್ದಂತೆ. ಬೆಂಗಳೂರಿನ ವಾಯ್ಸಸ್ ಸಂಸ್ಥೆ, ಗ್ರಾಮೀಣಾಭಿವೃದ್ಧಿ ಸಂಸ್ಥೆ ಮೈರಾಡ ಮತ್ತು ಯುನೆಸ್ಕೊ ಸೇರಿ ಈ ಶತಮಾನದ ಆರಂಭದಲ್ಲಿ ಅಲ್ಲಿ ‘ನಮ್ಮ ಧ್ವನಿ’ ಎಂಬ ಸಮುದಾಯ ಬಾನುಲಿಯನ್ನು ಕಟ್ಟಿದವು. ಆಗ ಹಳ್ಳಿಯ ಸಂಘಗಳಿಗೆ ಪ್ರಸಾರದ ಅನುಮತಿಯೇ ಇರಲಿಲ್ಲ. ವಾಯುತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದ್ದರೂ, 2002ರ ಕೊನೆಯಲ್ಲಿ ಬಾಗಿಲು ತೆರೆದದ್ದು ಶಿಕ್ಷಣ ಸಂಸ್ಥೆಗಳಿಗೆ ಮಾತ್ರ; ನಮ್ಮಂಥ ಸ್ವಯಂಸೇವಾ ಸಂಘಗಳಿಗೆ ಅದು ತೆರೆದದ್ದು 2006ರಲ್ಲಿ. ಅಷ್ಟು ಕಾಲ ಬೂದಿಕೋಟೆಯ ಹೆಂಗಸರು ಮತ್ತು ಯುವಕರು ಕೈಕಟ್ಟಿ ಕೂರಲಿಲ್ಲ. ಕಾರ್ಯಕ್ರಮಗಳನ್ನು ಧ್ವನಿಮುದ್ರಿಸಿ ಸಂಘದ ಸಭೆಗಳಲ್ಲಿ ಕೇಳಿಸಿದರು, ಆಮೇಲೆ ಟಿವಿ ಕೇಬಲ್ಲಿನ ಮೂಲಕವೇ ಧ್ವನಿಯನ್ನು ಮನೆಮನೆಗೆ ಹರಿಸಿದರು. ಪರವಾನಗಿ ಇಲ್ಲದಿದ್ದರೂ ಬಾನುಲಿ ಸಾಧ್ಯ ಎಂಬ ಈ ಪಾಠ ಮುಂದೆ ನಮ್ಮನ್ನು ಉಳಿಸಿತು. ಆದರೆ ಆ ದಿನ ನನಗೆ ಅದರ ತೂಕ ತಿಳಿಯಲಿಲ್ಲ. ನನ್ನ ಗಮನವೆಲ್ಲ ಗೋಪುರ ಮತ್ತು ಟ್ರಾನ್ಸ್‌ಮಿಟರಿನ ಮೇಲಿತ್ತು.

ಊರಿಗೆ ಮರಳಿ ಅರ್ಜಿ ತುಂಬಲು ಕುಳಿತಾಗ ಮೊದಲ ತೊಡಕು ನಮ್ಮದೇ ಕಪಾಟಿನಿಂದ ಹೊರಬಿತ್ತು. ಸಂಘವು ಕನಿಷ್ಠ ಮೂರು ವರ್ಷದ ಹಿಂದೆ ನೋಂದಣಿಯಾಗಿ ಆ ಸಮುದಾಯದಲ್ಲಿ ಕೆಲಸ ಮಾಡಿರಬೇಕು ಎಂಬ ನಿಯಮ ನಮಗೆ ಅಡ್ಡಿಯಾಗಲಿಲ್ಲ. ನಾವು ಹನ್ನೊಂದು ವರ್ಷ ಹಳಬರು. ಅಡ್ಡಿಯಾದದ್ದು ಹೆಸರು. ನೋಂದಣಿ ಪತ್ರದಲ್ಲಿ ‘ಗ್ರಾಮೀಣ’ ಎಂಬುದು ಒಂದು ರೀತಿಯ ಇಂಗ್ಲಿಷ್ ಕಾಗುಣಿತದಲ್ಲಿತ್ತು, ಪ್ಯಾನ್ ಕಾರ್ಡಿನಲ್ಲಿ ಇನ್ನೊಂದು, ಬ್ಯಾಂಕ್ ಪುಸ್ತಕದಲ್ಲಿ ಮೂರನೆಯದು. ಅದರ ಜೊತೆಗೆ ನಮ್ಮ ಉಪನಿಯಮಗಳ ಉದ್ದೇಶಗಳಲ್ಲಿ ಮಾಹಿತಿ ಪ್ರಸಾರ ಅಥವಾ ಮಾಧ್ಯಮದ ಬಗ್ಗೆ ಒಂದು ಪದವೂ ಇರಲಿಲ್ಲ. ಉಪನಿಯಮ ತಿದ್ದಲು ವಿಶೇಷ ಸಾಮಾನ್ಯ ಸಭೆ ಕರೆಯಬೇಕು, ಠರಾವು ಆಗಬೇಕು, ಅದು ಸಂಘಗಳ ನೋಂದಣಾಧಿಕಾರಿಯ ಬಳಿ ದಾಖಲಾಗಬೇಕು. ಅಷ್ಟರಲ್ಲಿ ಕೋವಿಡಿನ ಎರಡನೆಯ ಅಲೆ ಬಂತು. ನಮ್ಮ ಖಜಾಂಚಿ ತೀರಿಕೊಂಡರು. ಅವರು ಊರಿನ ನಿವೃತ್ತ ಶಿಕ್ಷಕರು. ಹನ್ನೊಂದು ವರ್ಷ ಒಂದು ರೂಪಾಯಿ ಹೆಚ್ಚುಕಡಿಮೆ ಇಲ್ಲದಂತೆ ಲೆಕ್ಕ ಇಟ್ಟವರು. ಅವರ ಸಾವಿನ ದುಃಖದ ನಡುವೆಯೇ ಪದಾಧಿಕಾರಿಗಳ ಹೊಸ ಪಟ್ಟಿಯನ್ನು ದಾಖಲಿಸಬೇಕಾಯಿತು, ಏಕೆಂದರೆ ಹಳೆಯ ಪಟ್ಟಿಯೊಂದಿಗೆ ಅರ್ಜಿ ಸಲ್ಲಿಸುವಂತಿರಲಿಲ್ಲ. ಎಲ್ಲ ಮುಗಿಯುವಾಗ 2021ರ ಆಗಸ್ಟ್ ಬಂದಿತ್ತು.

ಅರ್ಜಿ ಹಾಕಬೇಕೆಂದಿರುವವರು ಬಾನುಲಿಯ ಬಗ್ಗೆ ಒಂದಕ್ಷರ ಬರೆಯುವ ಮೊದಲು ಈ ಒಂದು ಕೆಲಸ ಮಾಡಲಿ: ನೋಂದಣಿ ಪತ್ರ, ಉಪನಿಯಮ, ಪ್ಯಾನ್, ಬ್ಯಾಂಕ್ ಖಾತೆ, ಮೂರು ವರ್ಷದ ಲೆಕ್ಕಪರಿಶೋಧನಾ ವರದಿ, ವಾರ್ಷಿಕ ವರದಿ ಇವೆಲ್ಲವನ್ನೂ ಒಂದೇ ಮೇಜಿನ ಮೇಲೆ ಹರಡಿ, ಹೆಸರು ಅಕ್ಷರಕ್ಕಕ್ಷರ ಒಂದೇ ಇದೆಯೇ ಎಂದು ಬೇರೆಯವರಿಂದ ಓದಿಸಲಿ. ನಮ್ಮ ಕಣ್ಣಿಗೆ ನಮ್ಮ ತಪ್ಪು ಕಾಣುವುದಿಲ್ಲ.

ಮಾಹಿತಿ ಮತ್ತು ಪ್ರಸಾರ ಸಚಿವಾಲಯಕ್ಕೆ ಬ್ರಾಡ್‌ಕಾಸ್ಟ್ ಸೇವಾ ಜಾಲತಾಣದ ಮೂಲಕ ಅರ್ಜಿ ಸಲ್ಲಿಸಿ 2,500 ರೂಪಾಯಿ ಶುಲ್ಕ ಕಟ್ಟಿದೆವು. ಅಲ್ಲಿಂದ ಮುಂದಿನ ದಾರಿಯ ಮೆಟ್ಟಿಲುಗಳನ್ನು ನಾನು ಬಾಯಿಪಾಠ ಮಾಡಿಕೊಂಡಿದ್ದೆ. ಮೊದಲು ಪರಿಶೀಲನಾ ಸಮಿತಿ, ಗೃಹ ಮತ್ತು ರಕ್ಷಣಾ ಸಚಿವಾಲಯಗಳ ಒಪ್ಪಿಗೆ, ಆಮೇಲೆ ಅನುಮತಿಗೆ ತಾತ್ವಿಕ ಒಪ್ಪಿಗೆಯೆಂದು ಸಚಿವಾಲಯ ಕೊಡುವ ಆಶಯ ಪತ್ರ, ಅದು ಬಂದ ಒಂದು ತಿಂಗಳೊಳಗೆ ದೂರಸಂಪರ್ಕ ಇಲಾಖೆಗೆ ತರಂಗಾಂತರಕ್ಕೂ, ಗೋಪುರ ನಿಲ್ಲುವ ಜಾಗದ ಒಪ್ಪಿಗೆಯಾದ ‘ಸ್ಯಾಕ್‌ಫಾ’ಗೂ ಅರ್ಜಿ, ಅದರ ನಂತರ 25,000 ರೂಪಾಯಿಯ ಬ್ಯಾಂಕ್ ಖಾತರಿ ಕೊಟ್ಟು ಅನುಮತಿ ಒಪ್ಪಂದಕ್ಕೆ ಸಹಿ, ಇದನ್ನು ಈ ಕ್ಷೇತ್ರದವರೆಲ್ಲ ‘ಗೋಪಾ’ ಎನ್ನುತ್ತಾರೆ, ಕೊನೆಗೆ ಟ್ರಾನ್ಸ್‌ಮಿಟರ್ ನಡೆಸಲು ನಿಸ್ತಂತು ಚಾಲನಾ ಪರವಾನಗಿ. ಬರೆದರೆ ಒಂದು ವಾಕ್ಯದಲ್ಲಿ ಮುಗಿಯುವ ಈ ದಾರಿಯನ್ನು ನಡೆಯಲು ನಮಗೆ ಮೂರು ಬೇಸಿಗೆ ಹಿಡಿದವು.

ಈ ನಡುವೆ ಹಣದ ಹುಡುಕಾಟ ನಡೆದಿತ್ತು. ಬಾನುಲಿಗೆ ನೆರವಾಗುವ ಅಂತರರಾಷ್ಟ್ರೀಯ ಸಹಭಾಗಿತ್ವಗಳ ಬಗ್ಗೆ ಕೇಳಿದ್ದೆವು. ಯುನೆಸ್ಕೊ 1980ರಲ್ಲಿ ಆರಂಭಿಸಿದ ಸಂವಹನ ಅಭಿವೃದ್ಧಿಯ ಅಂತರರಾಷ್ಟ್ರೀಯ ಕಾರ್ಯಕ್ರಮ ಅಭಿವೃದ್ಧಿಶೀಲ ದೇಶಗಳ ಸಮುದಾಯ ಮಾಧ್ಯಮ ಮತ್ತು ಪತ್ರಕರ್ತರ ತರಬೇತಿಗೆ ನೆರವು ನೀಡುತ್ತ ಬಂದಿದೆ. 1983ರಲ್ಲಿ ಮಾಂಟ್ರಿಯಲ್‌ನಲ್ಲಿ ಹುಟ್ಟಿದ ‘ಅಮಾರ್ಕ್’ ಜಗತ್ತಿನ ಸಮುದಾಯ ಬಾನುಲಿಗಳ ಒಕ್ಕೂಟ. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಸಮುದಾಯ ಮಾಧ್ಯಮಕ್ಕೆಂದೇ ಯುನೆಸ್ಕೊ ಪೀಠವಿದೆ. ನಮಗೆ ಪರಿಚಯವಾದದ್ದು ಯುರೋಪಿನ ಒಂದು ಮಾಧ್ಯಮ ತರಬೇತಿ ಸಂಸ್ಥೆ. ಅದರ ಹೆಸರು ಇಲ್ಲಿ ಬೇಡ. ಎರಡು ವರ್ಷದ ಯೋಜನೆ, ಹನ್ನೆರಡು ಜನ ಗ್ರಾಮೀಣ ವರದಿಗಾರರಿಗೆ ತರಬೇತಿ, ಸ್ಟುಡಿಯೋ ಉಪಕರಣಗಳಿಗೆ ನೆರವು, ಪ್ರಸಾರ ಆರಂಭವಾದ ಮೇಲೆ ಆರು ತಿಂಗಳ ಮಾರ್ಗದರ್ಶನ ಎಂದು ಅವರು ಕಳುಹಿಸಿದ ಕರಡನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸಂತೋಷದಿಂದಲೇ.

ಮರುದಿನ ನಮ್ಮ ಲೆಕ್ಕಪರಿಶೋಧಕರು ಆ ಕರಡನ್ನು ಓದಿ, ಎರಡು ಪದಗಳಿಗೆ ಕೆಂಪು ಗೆರೆ ಎಳೆದರು. ಒಂದು ‘ಅನುದಾನ’, ಇನ್ನೊಂದು ‘ಸುದ್ದಿ’.

ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಡಿ ನಮ್ಮ ಸಂಘ ನೋಂದಣಿಯಾಗಿರಲಿಲ್ಲ. ಹಾಗಿದ್ದರೂ ನೋಂದಣಿ ಇರುವ ಬೆಂಗಳೂರಿನ ಸಂಸ್ಥೆಯೊಂದು ಹಣ ಪಡೆದು ನಮಗೆ ವರ್ಗಾಯಿಸಬಹುದು ಎಂದು ಹಳೆಯ ಅನುಭವಿಗಳು ಹೇಳಿದ್ದನ್ನು ನಂಬಿದ್ದೆವು. ಆದರೆ 2020ರ ಸೆಪ್ಟೆಂಬರಿನ ತಿದ್ದುಪಡಿ ಅಂಥ ವರ್ಗಾವಣೆಯನ್ನೇ ನಿಷೇಧಿಸಿತ್ತು. ಎರಡನೆಯದು ಇದಕ್ಕಿಂತ ಆಳವಾದ ವಿಷಯ. ವಿದ್ಯುನ್ಮಾನ ಮಾಧ್ಯಮದಲ್ಲಿ ಸುದ್ದಿ ಅಥವಾ ಪ್ರಚಲಿತ ವಿದ್ಯಮಾನದ ಕಾರ್ಯಕ್ರಮಗಳನ್ನು ತಯಾರಿಸುವ ಇಲ್ಲವೇ ಪ್ರಸಾರ ಮಾಡುವ ಸಂಸ್ಥೆಗಳು ವಿದೇಶಿ ವಂತಿಗೆ ಪಡೆಯುವುದನ್ನು ಅದೇ ಕಾಯ್ದೆಯ ಮೂರನೆಯ ಕಲಮು ತಡೆಯುತ್ತದೆ. ಇತ್ತ ಸಮುದಾಯ ಬಾನುಲಿಯ ಮಾರ್ಗಸೂಚಿಯೂ ಸ್ವಂತ ಸುದ್ದಿ ಪ್ರಸಾರಕ್ಕೆ ಅವಕಾಶ ಕೊಡುವುದಿಲ್ಲ. ಆಕಾಶವಾಣಿಯ ಸುದ್ದಿಯನ್ನು ಇದ್ದದ್ದಿದ್ದಂತೆ ಮರುಪ್ರಸಾರ ಮಾಡಬಹುದು, ಹವಾಮಾನ, ಪರೀಕ್ಷಾ ಫಲಿತಾಂಶ, ನೀರು-ವಿದ್ಯುತ್ ಪೂರೈಕೆ, ಜಾತ್ರೆ, ಸ್ಥಳೀಯ ಪ್ರಕಟಣೆಗಳಂಥ ಮಾಹಿತಿಯನ್ನು ನಾವೇ ನೀಡಬಹುದು. ‘ಗ್ರಾಮೀಣ ಸುದ್ದಿ ವರದಿಗಾರರ ತರಬೇತಿ’ ಎಂದು ತಲೆಬರಹವಿದ್ದ ಕರಡಿಗೆ ನಾವು ಸಹಿ ಹಾಕಿದ್ದರೆ, ಒಂದೇ ಕಾಗದದಿಂದ ಎರಡು ನಿಯಮಗಳ ಮುಂದೆ ಅನುಮಾನಕ್ಕೆ ಗುರಿಯಾಗುತ್ತಿದ್ದೆವು.

ಆ ಸಂಜೆ ಯುರೋಪಿನವರೊಂದಿಗೆ ನಡೆದ ದೂರವಾಣಿ ಮಾತುಕತೆ ಕಷ್ಟದ್ದಾಗಿತ್ತು. ಸುದ್ದಿ ಇಲ್ಲದ ಪತ್ರಿಕೋದ್ಯಮ ತರಬೇತಿಯಿಂದ ಏನು ಪ್ರಯೋಜನ ಎಂದು ಅವರು ಪ್ರಾಮಾಣಿಕವಾಗಿಯೇ ಕೇಳಿದರು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಎರಡು ದಿನ ಯೋಚಿಸಿ ಬರೆದೆ: ಮಕ್ಕಳ ಕಳ್ಳರ ವದಂತಿ ಹಬ್ಬಿದ 2018ರಲ್ಲಿ ನಮ್ಮ ರಾಜ್ಯದಲ್ಲೇ ಅಮಾಯಕರನ್ನು ಬಡಿದು ಕೊಂದ ಘಟನೆಗಳು ನಡೆದವು. ಸುದ್ದಿ ಎಂದು ಕರೆಯಲಿ ಬಿಡಲಿ, ಕೇಳಿದ್ದನ್ನು ಪರಿಶೀಲಿಸದೆ ಹೇಳಬಾರದು ಎಂಬ ಅಭ್ಯಾಸ ಶೇಂಗಾ ಬೆಲೆ ಹೇಳುವವರಿಗೂ ಬೇಕು, ನೀರು ಬಿಡುವ ಹೊತ್ತು ಹೇಳುವವರಿಗೂ ಬೇಕು. ನಮಗೆ ಬೇಕಾದದ್ದು ಆ ಅಭ್ಯಾಸ.

ಅವರು ಒಪ್ಪಿದರು. ಕೊನೆಗೆ ಸಿದ್ಧವಾದ ಒಪ್ಪಂದದ ಪ್ರಕಾರ ನಮ್ಮ ಖಾತೆಗೆ ವಿದೇಶದಿಂದ ಒಂದು ಪೈಸೆಯೂ ಬರಲಿಲ್ಲ. ರಾಜ್ಯದ ವಿಶ್ವವಿದ್ಯಾಲಯವೊಂದರ ಪತ್ರಿಕೋದ್ಯಮ ವಿಭಾಗ ತನ್ನ ಕಾನೂನು ಸಲಹೆಗಾರರಿಂದ ಪರಿಶೀಲಿಸಿಕೊಂಡು ತರಬೇತಿಯನ್ನು ತಾನೇ ಆಯೋಜಿಸಿತು, ನಮ್ಮವರು ಅಲ್ಲಿ ಕಲಿಯುವವರಾದರು. ಉಪಕರಣಗಳ ಭಾಗವನ್ನು ಯೋಜನೆಯಿಂದಲೇ ಕೈಬಿಟ್ಟೆವು. ಅದಕ್ಕೆ ಕೇಂದ್ರ ಸರ್ಕಾರದ ಸಮುದಾಯ ಬಾನುಲಿ ನೆರವು ಯೋಜನೆಯನ್ನೂ ನಮ್ಮ ಗುಂಪುಗಳ ಉಳಿತಾಯವನ್ನೂ ನಂಬಿದೆವು. ಇಂಥ ಸಹಭಾಗಿತ್ವಕ್ಕೆ ಕೈಹಾಕುವವರು ಸಂಭ್ರಮದ ಮೊದಲ ವಾರದಲ್ಲೇ ಕಾನೂನು ಬಲ್ಲವರಿಂದ ಒಪ್ಪಂದದ ಪ್ರತಿಯೊಂದು ಪದವನ್ನೂ ಓದಿಸಿಕೊಳ್ಳಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ನಮ್ಮ ವ್ಯವಸ್ಥೆ ನಿಮ್ಮ ಸಂಸ್ಥೆಗೆ ಒಗ್ಗದಿರಬಹುದು. ನಿಮ್ಮ ಕಾಗದಪತ್ರಗಳನ್ನು ನೋಡಿದವರೇ ಹೇಳಬೇಕು.

ಮೊದಲ ತರಬೇತಿ 2022ರ ಜುಲೈ ತಿಂಗಳಿಗೆ ನಿಗದಿಯಾಗಿತ್ತು. ತರಬೇತುದಾರರ ವೀಸಾ ಯಾವ ವರ್ಗದ್ದಿರಬೇಕು ಎಂಬುದು ತೀರ್ಮಾನವಾಗದೆ, ಹನ್ನೆರಡು ಜನ ತುಮಕೂರಿಗೆ ಹೊರಡಲು ಬಟ್ಟೆ ಕಟ್ಟಿಕೊಂಡಿದ್ದ ಹಿಂದಿನ ದಿನ ಕಾರ್ಯಕ್ರಮ ರದ್ದಾಯಿತು. ಕೂಲಿ ಬಿಟ್ಟು ಬಂದಿದ್ದವರಿಗೆ ಏನು ಹೇಳಬೇಕೆಂದು ತಿಳಿಯಲಿಲ್ಲ. ಇಬ್ಬರು ಮತ್ತೆ ಬರಲೇ ಇಲ್ಲ.

ಐದು ತಿಂಗಳ ನಂತರ ಪಾಲುದಾರ ಸಂಸ್ಥೆ ದಾರಿ ಬದಲಿಸಿ ನೇಪಾಳದ ಒಬ್ಬ ಹಿರಿಯ ಬಾನುಲಿ ಕಾರ್ಯಕರ್ತೆಯನ್ನು ಕಳುಹಿಸಿತು. ನೇಪಾಳದವರಿಗೆ ವೀಸಾದ ಅಗತ್ಯವಿಲ್ಲ ಎಂಬುದು ಒಂದು ಅನುಕೂಲ. ಆದರೆ ನಿಜವಾದ ಅನುಕೂಲ ಬೇರೆಯೇ ಇತ್ತು. ದಕ್ಷಿಣ ಏಷ್ಯಾದಲ್ಲಿ ಸರ್ಕಾರದ ಹಿಡಿತದಾಚೆಗಿನ ಮೊದಲ ಸಮುದಾಯ ಬಾನುಲಿ, ರೇಡಿಯೊ ಸಾಗರಮಾಥಾ, 1997ರಲ್ಲಿ ಕಠ್ಮಂಡುವಿನಿಂದ ಪ್ರಸಾರ ಆರಂಭಿಸಿದ್ದು, ಅದನ್ನು ಕಟ್ಟಿದ್ದು ಪರಿಸರ ಪತ್ರಕರ್ತರ ಒಂದು ಒಕ್ಕೂಟ, ಅದರ ಬೆನ್ನಿಗೆ ಯುನೆಸ್ಕೊ ನಿಂತಿದ್ದು ಇವೆಲ್ಲವನ್ನೂ ಅವರು ಹತ್ತಿರದಿಂದ ಕಂಡವರು. 2015ರ ಏಪ್ರಿಲ್ 25ರ ಭೂಕಂಪದ ನಂತರ ಬಿರುಕುಬಿಟ್ಟ ಕಟ್ಟಡಗಳನ್ನು ಬಿಟ್ಟು ಬಯಲಿನ ಟಾರ್ಪಾಲಿನ ಕೆಳಗೆ ಕುಳಿತು ಪ್ರಸಾರ ನಡೆಸಿದ್ದನ್ನು ಅವರು ವಿವರಿಸಿದಾಗ ನಮ್ಮ ಹೆಂಗಸರು ಪ್ರಶ್ನೆಗಳ ಮೇಲೆ ಪ್ರಶ್ನೆ ಕೇಳಿದರು. ಕರೆಂಟು ಎಲ್ಲಿಂದ ತಂದಿರಿ, ಮಕ್ಕಳನ್ನು ಯಾರು ನೋಡಿಕೊಂಡರು, ತಪ್ಪು ಮಾಹಿತಿ ಹೋದರೆ ಏನು ಮಾಡಿದಿರಿ. ಯುರೋಪಿನಿಂದ ಬಂದ ಪಠ್ಯದಲ್ಲಿ ಈ ಪ್ರಶ್ನೆಗಳಿಗೆ ಜಾಗವಿರಲಿಲ್ಲ. ಅಂದಿನಿಂದ ನಾನು ಸಹಭಾಗಿತ್ವವೆಂದರೆ ಹಣವಿರುವ ದೇಶ ಮತ್ತು ಹಣವಿಲ್ಲದ ದೇಶದ ನಡುವಿನ ಸಂಬಂಧ ಎಂದು ಯೋಚಿಸುವುದನ್ನು ಬಿಟ್ಟೆ. ನಮ್ಮಂಥದೇ ಕಷ್ಟವನ್ನು ಹತ್ತು ವರ್ಷ ಮೊದಲು ಉಂಡವರನ್ನು ನಮ್ಮ ಬಳಿ ತಂದು ಕೂರಿಸುವುದೇ ಅದರ ಅತಿ ದೊಡ್ಡ ಉಪಕಾರ.

ಹದಿನಾಲ್ಕು ದಿನದ ಆ ತರಬೇತಿಯಲ್ಲಿ ಮೂರನೆಯ ದಿನದ ಅಭ್ಯಾಸವನ್ನು ವಿವರವಾಗಿ ಹೇಳಬೇಕು. ನಮ್ಮ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಶುದ್ಧ ಕುಡಿಯುವ ನೀರಿನ ಘಟಕ ಕೆಟ್ಟರೆ ಇಡೀ ಊರಿಗೆ ಸಂಕಟ. ಒಂದು ಊರಿನ ಘಟಕ ಇಪ್ಪತ್ತು ದಿನದಿಂದ ನಿಂತಿತ್ತು. ಮೂವರು ಕಲಿಕಾರ್ಥಿಗಳು ಹೋಗಿ ಏಳು ಜನರ ಮಾತನ್ನು ಧ್ವನಿಮುದ್ರಿಸಿ ತಂದರು. ಏಳೂ ಜನ ನೀರುಗಂಟಿಯನ್ನು ಬೈದಿದ್ದರು. ಅವನು ದುಡ್ಡು ತಿಂದಿದ್ದಾನೆ ಎಂದು ಇಬ್ಬರು ಹೇಳಿದ್ದರು. ಕಾರ್ಯಕ್ರಮ ಬಿಸಿಯಾಗಿತ್ತು, ಕೇಳಿದವರಿಗೆಲ್ಲ ಮೆಚ್ಚುಗೆಯಾಯಿತು. ತರಬೇತುದಾರರು ಕೊನೆಯವರೆಗೂ ಕೇಳಿ, “ನೀರುಗಂಟಿ ಏನು ಹೇಳಿದ?” ಎಂದು ಮಾತ್ರ ಕೇಳಿದರು. ಯಾರೂ ಅವನನ್ನು ಕೇಳಿರಲಿಲ್ಲ. ಮರುದಿನ ಮತ್ತೆ ಹೋದರು. ಮೋಟಾರು ಸುಟ್ಟಿದ್ದು, ಅವನು ಪಂಚಾಯಿತಿಗೆ ಎರಡು ಬಾರಿ ಬರೆದುಕೊಟ್ಟಿದ್ದು, ಅವನಿಗೇ ನಾಲ್ಕು ತಿಂಗಳಿಂದ ಸಂಬಳ ಬಂದಿಲ್ಲದ್ದು, ಕುಡಿಯುವ ನೀರಿಗೆ ಅವನ ಹೆಂಡತಿಯೂ ಎರಡು ಮೈಲಿ ನಡೆಯುತ್ತಿದ್ದುದು ಎಲ್ಲ ತಿಳಿಯಿತು. ಅರ್ಜಿಯ ಪ್ರತಿಗಳನ್ನು ಅವನು ತೋರಿಸಿದ. ಪಂಚಾಯಿತಿಯವರನ್ನೂ ಕೇಳಿದಾಗ ಬಿಡಿಭಾಗಕ್ಕೆ ಬರೆದ ಪತ್ರ ಹೊರಬಂತು. ಹೊಸ ಕಾರ್ಯಕ್ರಮದಲ್ಲಿ ಎಲ್ಲರ ಧ್ವನಿಯೂ ಇತ್ತು, ಮೊದಲಿನ ಏಳು ಜನರ ಸಿಟ್ಟೂ ಇತ್ತು, ಆದರೆ ಕಳ್ಳತನದ ಆರೋಪ ಇರಲಿಲ್ಲ. ನೀರುಗಂಟಿಯನ್ನು ಬೈದಿದ್ದ ಒಬ್ಬ ಅಜ್ಜಿಯೇ ಅದನ್ನು ಕೇಳಿ ಅವನ ಮನೆಗೆ ಹೋಗಿ ಬಂದರಂತೆ.

ಇದರ ಜೊತೆಗೆ ಕಲಿತದ್ದು ಇನ್ನೂ ಹಲವು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಗುರುತು ತಿಳಿಯುವಂಥ ಊರು, ಶಾಲೆ, ನೆಂಟರ ಹೆಸರನ್ನೂ ಹೇಳಬಾರದು ಎಂಬುದು ಪೋಕ್ಸೊ ಕಾಯ್ದೆಯ ನಿಯಮ. ಹಳ್ಳಿಯಲ್ಲಿ ಓಣಿಯ ಹೆಸರು ಹೇಳಿದರೂ ಗುರುತು ಸಿಕ್ಕಿಬಿಡುತ್ತದೆ ಎಂಬುದು ನಮ್ಮವರೇ ಕಂಡುಕೊಂಡ ಸೂಕ್ಷ್ಮ. ನಮ್ಮ ತಾಲ್ಲೂಕಿನ ತಿರುಮಣಿಯ ಸೌರ ವಿದ್ಯುತ್ ಉದ್ಯಾನಕ್ಕೆ ಜಮೀನು ಗುತ್ತಿಗೆ ಕೊಟ್ಟ ರೈತರನ್ನು ಮಾತನಾಡಿಸುವಾಗ, ಆ ಜಮೀನಿನಲ್ಲಿ ಹಿಂದೆ ಕೂಲಿ ಮಾಡುತ್ತಿದ್ದ ಭೂಮಿಯಿಲ್ಲದವರನ್ನೂ ಮಾತನಾಡಿಸಬೇಕು ಎಂದು ಬಳೆ ಮಾರುವ ಒಬ್ಬ ಹೆಣ್ಣುಮಗಳು ಎತ್ತಿದ ಮಾತು ತರಬೇತುದಾರರನ್ನೂ ಯೋಚನೆಗೆ ಹಚ್ಚಿತು. ಕಲಿಕೆಯ ಸಾಮಗ್ರಿ ಇಂಗ್ಲಿಷಿನಲ್ಲಿದ್ದದ್ದು ಮಾತ್ರ ದೊಡ್ಡ ತೊಂದರೆಯಾಯಿತು. ಅನುವಾದಕ್ಕೆ ಯೋಜನೆಯಲ್ಲಿ ಹಣವನ್ನೇ ಇಟ್ಟಿರಲಿಲ್ಲ. ಪತ್ರಿಕೋದ್ಯಮ ವಿಭಾಗದ ಇಬ್ಬರು ವಿದ್ಯಾರ್ಥಿಗಳು ರಾತ್ರಿ ಕುಳಿತು ಕನ್ನಡಕ್ಕೆ ತಂದರು. ಅವರ ಋಣ ನಮ್ಮ ಮೇಲಿದೆ. ಒಪ್ಪಂದ ಬರೆಯುವಾಗ ಅನುವಾದಕ್ಕೆ, ಕಲಿಯಲು ಬರುವವರ ಕೂಲಿ ನಷ್ಟಕ್ಕೆ, ಎಳೆಯ ಮಕ್ಕಳಿರುವ ತಾಯಂದಿರ ಜೊತೆಗಾರ್ತಿಯ ಖರ್ಚಿಗೆ ಹಣ ಬರೆಸಿಕೊಳ್ಳುವುದನ್ನು ಮರೆಯಬೇಡಿ. ಈ ಮೂರೂ ಇಲ್ಲದಿದ್ದರೆ ತರಬೇತಿಗೆ ಬರುವವರು ಈಗಾಗಲೇ ಓದಿಕೊಂಡಿರುವ ಗಂಡುಮಕ್ಕಳು ಮಾತ್ರ.

ಆಶಯ ಪತ್ರ ನಮ್ಮ ಕೈಸೇರಿದ್ದು 2022ರ ಸೆಪ್ಟೆಂಬರಿನಲ್ಲಿ. ಅಕ್ಟೋಬರಿನಲ್ಲಿ ದೂರಸಂಪರ್ಕ ಇಲಾಖೆಯ ಸರಳ ಸಂಚಾರ ಜಾಲತಾಣದಲ್ಲಿ ಗೋಪುರದ ಜಾಗಕ್ಕೆ ಅರ್ಜಿ ಹಾಕಿದೆವು. ಇಲ್ಲಿ ಆದ ತಪ್ಪು ನನ್ನದೇ. ಫೋನಿನ ನಕ್ಷೆಯಲ್ಲಿ ಅಕ್ಷಾಂಶ 14.10 ಎಂದು ದಶಮಾಂಶದಲ್ಲಿತ್ತು; ನಾನು ಅದನ್ನು 14 ಡಿಗ್ರಿ 10 ನಿಮಿಷ ಎಂದು ತುಂಬಿದೆ. ದಶಮಾಂಶದ 14.10 ಎಂದರೆ 14 ಡಿಗ್ರಿ 6 ನಿಮಿಷ. ನಾಲ್ಕು ನಿಮಿಷದ ಈ ವ್ಯತ್ಯಾಸ ಭೂಮಿಯ ಮೇಲೆ ಏಳು ಕಿಲೋಮೀಟರಿಗೂ ಹೆಚ್ಚು. ಕಾಗದದಲ್ಲಿ ನಮ್ಮ ಗೋಪುರ ರಾಜ್ಯದ ಗಡಿ ದಾಟಿ ನಿಂತಿತ್ತು. ಅದು ಬೆಳಕಿಗೆ ಬಂದು, ತಿದ್ದಿದ ಅರ್ಜಿ ಮತ್ತೆ ಸರದಿಗೆ ಸೇರಿ, ಒಪ್ಪಿಗೆ ಬರುವಾಗ 2023ರ ಆಗಸ್ಟ್. ಆ ಹತ್ತು ತಿಂಗಳು ನಾನು ಸಂಘದ ಸಭೆಗಳಲ್ಲಿ ತಲೆ ಎತ್ತಿ ಕೂರಲಾಗಲಿಲ್ಲ. ಜಾಗದ ಅಳತೆಯನ್ನು ಸರ್ವೆ ಬಲ್ಲವರಿಂದ ಮಾಡಿಸಿ, ಡಿಗ್ರಿ, ನಿಮಿಷ, ಸೆಕೆಂಡಿನಲ್ಲಿ ಬರೆಸಿಕೊಂಡು, ಇಬ್ಬರು ಬೇರೆ ಬೇರೆಯಾಗಿ ಪರೀಕ್ಷಿಸಿದ ಮೇಲೆಯೇ ಅರ್ಜಿಗೆ ಹಾಕಿ. ಆಂಟೆನಾ ನೆಲದಿಂದ ಕನಿಷ್ಠ 15 ಮೀಟರ್, ಗರಿಷ್ಠ 30 ಮೀಟರ್ ಎತ್ತರದಲ್ಲಿರಬೇಕು. ನಮ್ಮ ಊರಿನ ಸುತ್ತ ಕಲ್ಲುಗುಡ್ಡಗಳಿರುವುದರಿಂದ, ಎಫ್‌ಎಂ ತರಂಗ ನೇರ ದೃಷ್ಟಿಗೆ ಸಿಕ್ಕುವಷ್ಟು ದೂರ ಮಾತ್ರ ಚೆನ್ನಾಗಿ ಸಾಗುವುದರಿಂದ, ಜಾಗದ ಆಯ್ಕೆಯಲ್ಲಿ ಊರಿನ ಮಧ್ಯದ ಕಟ್ಟಡಕ್ಕಿಂತ ದಿಣ್ಣೆಯ ಮೇಲಿನ ಹಳೆಯ ಗೋದಾಮೇ ಒಳ್ಳೆಯದೆಂದು ತೀರ್ಮಾನಿಸಿದ್ದೆವು. ಅದು ಸರಿಯಾದ ತೀರ್ಮಾನ ಎಂದು ಈಗ ಗೊತ್ತಾಗಿದೆ.

ಕಾಯುವ ಈ ಕಾಲದಲ್ಲಿ ಜನ ಕರಗುತ್ತಾರೆ. ಇದನ್ನು ಯಾವ ಮಾರ್ಗಸೂಚಿಯೂ ಹೇಳುವುದಿಲ್ಲ. ಹನ್ನೆರಡು ಜನರಲ್ಲಿ ಇಬ್ಬರು ಮೊದಲೇ ಹೋಗಿದ್ದರು. ತರಬೇತಿ ಪಡೆದವರಲ್ಲಿ ಒಬ್ಬಳು ಮದುವೆಯಾಗಿ ಧರ್ಮಾವರದ ಕಡೆ ಹೋದಳು, ಒಬ್ಬ ಬೆಂಗಳೂರಿನ ಗಾರ್ಮೆಂಟ್ಸ್ ಸೇರಿದ, ಇನ್ನಿಬ್ಬರು ಮನೆಯವರ ಒತ್ತಾಯಕ್ಕೆ ಬಿಟ್ಟರು. ಬಾನುಲಿ ಎಲ್ಲಿ ಎಂದು ಕೇಳುವ ಊರಿನವರಿಗೆ ಉತ್ತರ ಹೇಳಿ ಹೇಳಿ ಉಳಿದವರೂ ಸೋತಿದ್ದರು. ಆಗ ಬೂದಿಕೋಟೆ ನೆನಪಾಯಿತು. 2023ರ ಜನವರಿಯಿಂದ ಪ್ರತಿ ವಾರ ಅರ್ಧ ಗಂಟೆಯ ಒಂದು ಕಾರ್ಯಕ್ರಮ ತಯಾರಿಸಿ, ಗುಂಪುಗಳ ವಾರದ ಸಭೆಯಲ್ಲಿ ಸ್ಪೀಕರ್ ಇಟ್ಟು ಕೇಳಿಸತೊಡಗಿದೆವು. ಕೇಳಿದವರು ಅಲ್ಲೇ ತಪ್ಪು ತಿದ್ದಿದರು: ಅದು ಬೀಜದ ಬೆಲೆಯಲ್ಲ, ಗೊಬ್ಬರದ್ದು, ತೆಲುಗಿನಲ್ಲಿ ಹೇಳಿದ ಭಾಗ ಸಲೀಸಾಗಿದೆ, ಕನ್ನಡದ ಭಾಗ ಓದಿದಂತಿದೆ. ತೊಂಬತ್ತಕ್ಕೂ ಹೆಚ್ಚು ಕಂತುಗಳನ್ನು ಹೀಗೆ ಮಾಡಿದೆವು. ಪ್ರಸಾರ ಆರಂಭವಾದ ದಿನ ನಮ್ಮ ಬಳಿ ಇದ್ದ ಆಸ್ತಿ ಎಂದರೆ ಇದೇ.

ಪಾಲುದಾರರ ಯೋಜನೆಯ ಎರಡು ವರ್ಷ 2023ರ ಡಿಸೆಂಬರಿಗೆ ಮುಗಿಯಿತು. ಹೆಚ್ಚುವರಿ ಹಣವಿಲ್ಲದೆ ಆರು ತಿಂಗಳು ವಿಸ್ತರಿಸಿಕೊಟ್ಟರು; 2024ರ ಜೂನ್ ಕಳೆದರೂ ನಾವು ಪ್ರಸಾರಕ್ಕೆ ಬಂದಿರಲಿಲ್ಲ. ಹೀಗಾಗಿ ಪ್ರಸಾರ ಆರಂಭವಾದ ಮೇಲಿನ ಆರು ತಿಂಗಳ ಮಾರ್ಗದರ್ಶನ ಎಂಬ, ನಮಗೆ ಅತ್ಯಂತ ಅಗತ್ಯವಾಗಿದ್ದ ಭಾಗ ಕಾಗದದಲ್ಲೇ ಉಳಿಯಿತು. ಯಾರ ಮೇಲೂ ನನಗೆ ಕೋಪವಿಲ್ಲ, ಆದರೆ ನೋವಿದೆ. ದಾನಿಗಳ ಕ್ಯಾಲೆಂಡರು ಮತ್ತು ಪರವಾನಗಿಯ ಕ್ಯಾಲೆಂಡರು ಬೇರೆ ಬೇರೆ ಎಂದು ಮೊದಲೇ ತಿಳಿದಿದ್ದರೆ, ಮಾರ್ಗದರ್ಶನದ ಅವಧಿ ಅನುಮತಿ ಒಪ್ಪಂದಕ್ಕೆ ಸಹಿ ಬಿದ್ದ ದಿನದಿಂದ ಲೆಕ್ಕಕ್ಕೆ ಬರಲಿ ಎಂದು ಬರೆಸಿಕೊಳ್ಳುತ್ತಿದ್ದೆವು. ಈ ಒಂದು ವಾಕ್ಯವನ್ನು ನೀವು ಬರೆಸಿಕೊಳ್ಳಿ. ನೇಪಾಳದ ಆ ಹಿರಿಯರು ಈಗಲೂ ಭಾನುವಾರ ಸಂಜೆ ಫೋನಿನಲ್ಲಿ ನಮ್ಮ ಕಾರ್ಯಕ್ರಮ ಕೇಳಿ ಸಲಹೆ ಕೊಡುತ್ತಾರೆ, ಯಾವ ಯೋಜನೆಯೂ ಇಲ್ಲದೆ.

ನಾವು ಕಾಯುತ್ತಿದ್ದಾಗಲೇ, 2024ರ ಫೆಬ್ರವರಿ 13ರ ವಿಶ್ವ ರೇಡಿಯೊ ದಿನದಂದು ಹೊಸ ಮಾರ್ಗಸೂಚಿ ಬಂತು. ಮೊದಲ ಅನುಮತಿಯ ಅವಧಿ ಹತ್ತು ವರ್ಷಕ್ಕೆ ಏರಿತು. ಗಂಟೆಗೆ ಏಳು ನಿಮಿಷವಿದ್ದ ಜಾಹೀರಾತು ಸಮಯ ಹನ್ನೆರಡು ನಿಮಿಷವಾಯಿತು. ಹತ್ತು ಸೆಕೆಂಡಿನ ದರ 52 ರೂಪಾಯಿಯಿಂದ 74ಕ್ಕೆ ಹೋಯಿತು. ಬಾನುಲಿಯ ಸಲಹಾ ಸಮಿತಿಯಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರಿರಬೇಕು ಎಂದಾಯಿತು, ಈ ಕೊನೆಯದು ನಮ್ಮಲ್ಲಿ ಮೊದಲೇ ಇತ್ತು. ಮುಂದೆ ಬರುವವರು ಇದನ್ನೂ ಗಮನಿಸಬೇಕು: ಆಶಯ ಪತ್ರ ಈಗ ಒಂದು ವರ್ಷ ಮಾತ್ರ ಊರ್ಜಿತ, ಅನಿವಾರ್ಯವಾದರೆ ಇನ್ನು ಮೂರು ತಿಂಗಳು. ನನ್ನಂತೆ ಅಕ್ಷಾಂಶ ತಪ್ಪು ತುಂಬಿ ಹತ್ತು ತಿಂಗಳು ಕಳೆದರೆ ಉಳಿಯುವ ಕಾಲ ಬಹಳ ಕಡಿಮೆ. ಬ್ಯಾಂಕ್ ಖಾತರಿ ಕೊಟ್ಟು ನಾವು ಒಪ್ಪಂದಕ್ಕೆ ಸಹಿ ಹಾಕಿದ್ದು ಮಾರ್ಚಿನಲ್ಲಿ, ಚಾಲನಾ ಪರವಾನಗಿ ಬಂದದ್ದು ಆಗಸ್ಟಿನಲ್ಲಿ.

ಖರ್ಚಿನ ಮಾತು. ಟ್ರಾನ್ಸ್‌ಮಿಟರ್, ಗೋಪುರ, ಸ್ಟುಡಿಯೋ, ಬ್ಯಾಟರಿ, ಸಿಡಿಲು ತಡೆ ಎಲ್ಲ ಸೇರಿ ನಮಗೆ ಹದಿನಾಲ್ಕು ಲಕ್ಷದಷ್ಟಾಯಿತು. ಕೇಂದ್ರದ ನೆರವು ಯೋಜನೆ ಉಪಕರಣಗಳ ಒಂದು ಭಾಗವನ್ನು ಭರಿಸುತ್ತದೆ, ಅದಕ್ಕೆ ಮಿತಿಯಿದೆ, ಗೋದಾಮಿನ ದುರಸ್ತಿಯಂಥ ಖರ್ಚು ಅದರಲ್ಲಿ ಸೇರುವುದಿಲ್ಲ. ಉಳಿದದ್ದನ್ನು ಗುಂಪುಗಳು ಹೊಂದಿಸಿದವು. ಧ್ವನಿ ಹೀರುವ ಹಲಗೆಗಳಿಗೆ ಎರಡು ಲಕ್ಷದ ಅಂದಾಜು ಬಂದಾಗ ಹೆಂಗಸರು ಹಳೆಯ ಸೀರೆಗಳಿಂದ ಇಪ್ಪತ್ತಾರು ಕೌದಿ ಹೊಲಿದು ಗೋಡೆಗಳಿಗೆ ತೂಗುಹಾಕಿದರು. ನಮ್ಮ ತೆಲುಗಿನಲ್ಲಿ ಅದಕ್ಕೆ ಬೊಂತ ಎನ್ನುತ್ತೇವೆ. ಸ್ಟುಡಿಯೋದಲ್ಲಿ ಮರುದನಿ ಚೆನ್ನಾಗಿ ಇಳಿದಿದೆ. ಸಂಕಲನಕ್ಕೆ ಉಚಿತ ತಂತ್ರಾಂಶ ಆಡಾಸಿಟಿ ಸಾಕು. ಆದರೆ ತಿಂಗಳ ಖರ್ಚನ್ನು ಯಾರೂ ಕೊಡುವುದಿಲ್ಲ. ವಿದ್ಯುತ್ತು, ಇಬ್ಬರ ಗೌರವಧನ, ದುರಸ್ತಿ ಎಂದು ಮೂವತ್ತೈದು ಸಾವಿರ ನಮಗೆ ಬೇಕು, ಅದರಲ್ಲಿ ಜಾಹೀರಾತಿನಿಂದ ಇದುವರೆಗೆ ಕಾಲುಭಾಗವೂ ಬಂದಿಲ್ಲ. ಪ್ರಸಾರವಾದ ಎಲ್ಲವನ್ನೂ ಮೂರು ತಿಂಗಳು ಕಾಪಿಡಬೇಕಾದ್ದರಿಂದ ಹಾರ್ಡ್ ಡಿಸ್ಕಿನ ಖರ್ಚನ್ನೂ ಮೊದಲೇ ಸೇರಿಸಿಕೊಳ್ಳಿ. ಇನ್ನೊಂದು ತೊಡಕು ನಾವು ಊಹಿಸಿಯೇ ಇರಲಿಲ್ಲ: ಊರಿನ ಹಲವು ಹೊಸ ಫೋನುಗಳಲ್ಲಿ ಎಫ್‌ಎಂ ಇಲ್ಲ. ಗುಂಪಿಗೊಂದರಂತೆ ನಲವತ್ತು ಚಿಕ್ಕ ರೇಡಿಯೊ ಕೊಂಡೆವು.

ನವೆಂಬರಿನ ಆ ಬೆಳಿಗ್ಗೆ ಆರೂವರೆಗೆ ನಾನು ಸ್ಟುಡಿಯೋದಲ್ಲಿರಲಿಲ್ಲ. ತರಂಗ ಎಲ್ಲಿಯವರೆಗೆ ತಲುಪುತ್ತದೆ ಎಂದು ನೋಡಲು ರೇಡಿಯೊ ಹಿಡಿದು ಗಡಿಯಾಚೆಯ ಹಳ್ಳಿಯೊಂದರ ಹುಣಸೆಮರದ ಕೆಳಗೆ ನಿಂತಿದ್ದೆ. ಆರಂಭದ ಮಾತನ್ನು ಧರ್ಮಾವರದ ಕಡೆಗೆ ಮದುವೆಯಾಗಿ ಹೋದ ಹುಡುಗಿಯ ಧ್ವನಿಯಲ್ಲೇ ಇಡಬೇಕೆಂದು ಎಲ್ಲರೂ ಒಪ್ಪಿದ್ದರು. ಎರಡು ವರ್ಷದ ಹಿಂದೆ ತರಬೇತಿಯಲ್ಲಿ ಅವಳು ಮುದ್ರಿಸಿದ್ದು, ಅವಳ ಒಪ್ಪಿಗೆ ಕೇಳಿ ಪಡೆದಿದ್ದೆವು. ಸ್ವಲ್ಪ ಹೊತ್ತು ಬರೀ ಗೊರಗೊರ ಸದ್ದು. ಆಮೇಲೆ ಅವಳು ಕನ್ನಡದಲ್ಲಿ ಒಮ್ಮೆ, ತೆಲುಗಿನಲ್ಲಿ ಒಮ್ಮೆ ನಮಸ್ಕಾರ ಹೇಳಿ ಅಂದಿನ ನೀರು ಬಿಡುವ ಊರುಗಳ ಹೆಸರನ್ನು ಓದುವವರಿಗೆ ಮಾತು ಬಿಟ್ಟುಕೊಟ್ಟಳು. ಹಸು ಹೊಡೆದುಕೊಂಡು ಬರುತ್ತಿದ್ದ ಒಬ್ಬರು ನಿಂತು, ಇದು ಯಾವ ಊರಿನ ರೇಡಿಯೊ ಎಂದು ಕೇಳಿದರು. ಹೇಳಿದೆ. ಅವರು ತಮ್ಮ ಊರಿನ ಹೆಸರೂ ಆ ಪಟ್ಟಿಯಲ್ಲಿ ಬರುತ್ತದೆಯೇ ಎಂದು ಕೇಳಿ, ಪಟ್ಟಿ ಮುಗಿಯುವವರೆಗೂ ಅಲ್ಲೇ ನಿಂತರು.